ಇಳಿಯಲು ಪುಕ್ಕಟೆ

ತ್ಬಿಲಿಸಿಯ ಗ್ಲದಾನಿ ಬಡಾವಣೆಯಲ್ಲಿ
ಹದಿನಾರು ಅಂತಸ್ತು ಹತ್ತಲು ಲಿಫ್ಟಿಗೆ ಹತ್ತು ತೆತ್ರಿ ಹಾಕಬೇಕು.
ಇಳಿಯಲು ಪುಕ್ಕಟೆ.
ಇಪ್ಪತ್ತೆರಡು ವರ್ಷ ಆ ಡಬ್ಬಿಗಳ ಬೀಗ ತೆಗೆದು
ಗ್ರೀಸು ಮೆತ್ತಿದ ಬೆರಳಲ್ಲಿ ಚಿಲ್ಲರೆ ಎಣಿಸಿದವನು ನಾನು,
ನುಗ್ಜಾರ್, ಲಿಫ್ಟಿನವನು.

ಈಗ ನನ್ನ ಪಾಸ್‌ಪೋರ್ಟಿನ ಹನ್ನೊಂದನೇ ಪುಟದಲ್ಲಿ
ಒಂದು ಚೀಟಿ ಅಂಟಿದೆ. ಅದರಲ್ಲಿ ನನ್ನದೇ ಮುಖ,
ನಗಬೇಡ ಎಂದು ಗದರಿಸಿ ತೆಗೆದದ್ದು.
ಅಕ್ಟೋಬರ್ ಹದಿನೇಳರೊಳಗೆ ಹ್ಯಾಂಬರ್ಗಿನಲ್ಲಿ ಇಳಿಯಬೇಕು.
ಇಳಿಯಬೇಕು! ಟಿಕೇಟಿನ ದರ ನೋಡಿದಿರಾ?

ಬರಲಿ ಬರಲಿ ಎಂದು ಹದಿನಾಲ್ಕು ತಿಂಗಳು ಕಾದವನೂ ನಾನೇ.
ಬಂದಾಗ ಫ್ರಿಜ್ಜಿನ ಮೇಲಿಟ್ಟು
ಅದರ ಮೇಲೆ ಬ್ರೆಡ್ಡು ಇಟ್ಟೆ.

ಬೀಳ್ಕೊಡುಗೆಯ ಊಟ ಎರಡು ಸಲ ಆಯಿತು.
ಮೊದಲ ಸಲ ಜುಂಬೇರ್ ಲೋಟ ಎತ್ತಿ ನಿಂತು
ಹೋಗುವವನಿಗೆ, ಹಾದಿಗೆ, ಹಾದಿಯಲ್ಲಿ ಸಿಗುವವರ ತಾಯಂದಿರಿಗೆ
ಅರ್ಧ ಗಂಟೆ ಹಾರೈಸಿದ.
ಎರಡನೇ ಸಲ ಎರಡೇ ಮಾತು, ಆಮೇಲೆ ಫುಟ್ಬಾಲು.
ಈಗ ಬ್ರೆಡ್ಡಂಗಡಿಯವಳು ಕೇಳುತ್ತಾಳೆ, 'ಇನ್ನೂ ಇಲ್ಲೇ?'
ಮಣ್ಣು ಮಾಡಿ ಬಂದವನು ಮರುದಿನ ಬಂದು
ಸಾಲ ಕೇಳಿದ ಹಾಗೆ.
ಅವರು ಕೊಟ್ಟ ಉಣ್ಣೆ ಮಫ್ಲರು ಗೂಟದಲ್ಲಿ ತೂಗುತ್ತಿದೆ,
ಬೆಲೆಚೀಟಿ ಕಿತ್ತಿಲ್ಲ. ಅಂಗಡಿ ವಾಪಸು ತೆಗೆದುಕೊಂಡೀತು.

ಜರ್ಮನ್ ತರಗತಿಯಲ್ಲಿ ಕಲಿಸಿದರು,
ಹಗ್ಗ ಸವೆದಿದೆ. ಬಾಗಿಲಿನಿಂದ ದೂರ ನಿಲ್ಲಿ.
ಅಯ್ಯೋ ಅನ್ನಲು ಕಲಿಸಲಿಲ್ಲ.
ಬೆರಳು ಸಿಕ್ಕಿಕೊಂಡರೆ ಯಾವ ಭಾಷೆಯಲ್ಲಿ ಕೂಗಲಿ?

ತ್ಸಿಸಾನಾ ಕರೆಂಟು ಬಿಲ್ಲಿನ ಹಿಂದೆ ಲೆಕ್ಕ ಹಾಕಿದ್ದಾಳೆ.
ಆರು ಪಟ್ಟು ಸಂಬಳ. ಬಾಯ್ಲರು, ಬ್ಯಾಂಕಿನ ಕಂತು,
ಅವಳ ಎಡಗಡೆಯ ಮೂರು ಹಲ್ಲು.
ಕೂಡಿ ನೋಡಿದೆ, ಕಳೆದು ನೋಡಿದೆ, ತಪ್ಪಿಲ್ಲ.
ಹೋಗು ಅನ್ನುವುದಿಲ್ಲ, ಇರು ಅನ್ನುವುದಿಲ್ಲ;
ಬಿಲ್ಲಿನ ಮೇಲೆ ಪೆನ್ಸಿಲ್ಲು ಬಿಟ್ಟು ಏಳುತ್ತಾಳೆ.

ಹಗ್ಗ ಹರಿಯದು, ಕೋಲು ಮುರಿಯದು ಅನ್ನುತ್ತಾರಲ್ಲ,
ಹಗ್ಗದ ಸಂಗತಿ ನನ್ನನ್ನು ಕೇಳಿ.
ಉಕ್ಕಿನ ಹಗ್ಗ ಒಮ್ಮೆಗೇ ಹರಿಯುವುದಿಲ್ಲ.
ಮೊದಲು ಒಂದೇ ಒಂದು ಎಳೆ ಬಿಟ್ಟು
ಬೆಕ್ಕಿನ ಮೀಸೆಯ ಹಾಗೆ ಸೆಟೆದು ನಿಲ್ಲುತ್ತದೆ.
ಬಟ್ಟೆ ಹಿಡಿದು ಸವರಿದರೆ ಚುಚ್ಚುತ್ತದೆ.
ಒಂದು ಗೇಣಿನಲ್ಲಿ ಎಷ್ಟು ಚುಚ್ಚಿದರೆ ಬದಲಿಸಬೇಕೆಂದು
ನಿಯಮವಿದೆ, ಪುಸ್ತಕವಿದೆ.
ನನ್ನನ್ನು ಸವರಿ ನೋಡುವ ಬಟ್ಟೆ ಯಾರ ಕೈಯಲ್ಲಿ?

ಇರಲು ಒಂದು ಕಾರಣವಿತ್ತು. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.
ನಾಲ್ಕನೇ ಕಟ್ಟಡದಲ್ಲಿ ಯಾರೋ ಒಬ್ಬರು
ಒಂಬತ್ತು ವರ್ಷದಿಂದ ಕಾಸಿನ ಬದಲು ವಾಷರು ಹಾಕುತ್ತಾರೆ.
ಯಾರೆಂದು ಹುಡುಕಲಿಲ್ಲ. ಹುಡುಕಿದರೆ ಗೊತ್ತಾಗಿಬಿಡುತ್ತದೆ.
ವಾಷರು ಜೇಬಿಗೆ, ಜೇಬಿನ ತೆತ್ರಿ ಡಬ್ಬಿಗೆ,
ಲೆಕ್ಕ ಸರಿ.
ನಾನು ಹೋದರೆ ಆ ಜೀವ ಮೆಟ್ಟಿಲು ಹತ್ತಬೇಕಲ್ಲ
ಎಂದು ರಾತ್ರಿಯೆಲ್ಲ ಎಣಿಸಿದ್ದೇನೆ.

ಮೂವತ್ತೊಂದು ಕೀಲಿಗಳಲ್ಲಿ ಮೂವತ್ತನ್ನು ತೆಕ್ಲೆಗೆ ಕೊಟ್ಟಾಗಿತ್ತು,
ಹತ್ತೊಂಬತ್ತರ ಹುಡುಗಿ, ಬ್ರೇಕಿನ ಸದ್ದಿಗೆ ನನಗಿಂತ ಚುರುಕು ಕಿವಿ.
ನಾಲ್ಕನೆಯದು ಮಾತ್ರ ನನ್ನ ಜೇಬಿನಲ್ಲಿ.
ನಿನ್ನೆ ಜ್ವರವೆಂದು ಮಲಗಿದ್ದಾಗ ಒಯ್ದಳು.
ಸಂಜೆ ಹಿಂದಿರುಗಿಸಿದಳು, ಲೆಕ್ಕದ ಚೀಟಿಯೊಡನೆ.
ಲೆಕ್ಕ ಸರಿಯಿತ್ತು.
'ವಾಷರು?' ಅಂದೆ.
'ಯಾವ ವಾಷರು?' ಅಂದಳು,
ಅವಳ ಕೋಟಿನ ಜೇಬು ಕಿಣಿಕಿಣಿ ಅಂದಿತು.

ಇಷ್ಟೇ ಆದದ್ದು.
ಹಗುರಾಯಿತೆನ್ನಲೆ? ಯಾರೋ ತಳದ ಕಲ್ಲು ಎಳೆದುಕೊಂಡರೆನ್ನಲೆ?
ಎದುರುತೂಕದ ಕಬ್ಬಿಣ ತೆಗೆದರೆ ಡಬ್ಬ ಹಾರುವುದಿಲ್ಲ, ಬೀಳುತ್ತದೆ.
ಇದೂ ಪುಸ್ತಕದಲ್ಲಿದೆ.

ಇವತ್ತು ಹದಿನೈದು.
ಕೀಲಿಯನ್ನು ಬಿಲ್ಲಿನ ಮೇಲೆ, ಪೆನ್ಸಿಲ್ಲಿನ ಪಕ್ಕ ಇಟ್ಟೆ.
ತ್ಸಿಸಾನಾ ಒಲೆ ಆರಿಸಿದಳು. ಕೀಲಿ ನೋಡಿದಳು.
ಗೂಟದಿಂದ ಮಫ್ಲರು ತೆಗೆದು
ಬೆಲೆಚೀಟಿಯ ದಾರವನ್ನು
ಬಲಗಡೆಯ ಹಲ್ಲಿನಲ್ಲಿ ಕಚ್ಚಿ ಕಿತ್ತಳು.